ಚೇಟತ್ತಿಯ ಬೋಣಿ

ನನಗೆ ಈಗ ಎಷ್ಟು ಸಂತೋಷ ಎಂದರೆ, ಹಾಲಿನವನು ಬಂದರೆ ಅವನಿಗೂ ಹೇಳುತ್ತೇನೆ, ಕರೆಂಟು ಬಿಲ್ಲಿನವನು ಬಂದರೆ ಅವನಿಗೂ ಹೇಳುತ್ತೇನೆ. ನನ್ನ ಮೊಮ್ಮಗಳು ಅಶ್ವಿನಿ ನಮ್ಮ ಕಡಬ ಪೇಟೆಯಲ್ಲಿ, ಬಸ್ಸುಗಳು ಹೋಗುವ ರಸ್ತೆಯ ಬದಿಗೇ, ದೊಡ್ಡ ಟೈಲರ್ ಅಂಗಡಿ ಹಾಕಿದ್ದಾಳೆ. ಗಾಜಿನ ಬಾಗಿಲು. ಒಳಗೆ ಆಳೆತ್ತರದ ಕನ್ನಡಿ. ಬಟ್ಟೆ ಹಾಕಿ ನೋಡಲು ಪರದೆ ಕಟ್ಟಿದ ಒಂದು ಮೂಲೆ. ಸಹಾಯಕ್ಕೆ ಇಬ್ಬರು ಹುಡುಗಿಯರು. ನಾನು ದಿನಾ ಹೋಗಿ ಆ ಬಾಗಿಲು ನೂಕಿ ಒಳಗೆ ಹೋಗುತ್ತೇನೆ, ಹೊರಗೆ ಬರುತ್ತೇನೆ, ಮತ್ತೆ ಒಳಗೆ ಹೋಗುತ್ತೇನೆ. "ಅಜ್ಜಿ, ಬಾಗಿಲು ಸವೀತದೆ" ಎಂದು ಅಶ್ವಿನಿ ನಗುತ್ತಾಳೆ. ಸವೆಯಲಿ.

ಇಷ್ಟು ಸಂತೋಷದ ನಡುವೆ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಒಬ್ಬರು ಸಿಕ್ಕಿಕೊಂಡಿದ್ದಾರೆ. ಅವರು ತೀರಿಕೊಂಡು ಒಂದು ಮಳೆಗಾಲ ಕಳೆದಿದೆ. ತೀರಿಹೋದವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎಂದು ಸೊಸೆ ಹೇಳುತ್ತಾಳೆ. ಅವಳಿಗೆ ಹೇಳಲು ಸುಲಭ. ಚೇಟತ್ತಿಯ ಎದುರು ಸೋತು ಸೋತು ಸಾಕಾದದ್ದು ನಾನು, ಅವಳಲ್ಲ.

ಕೇರಳದಿಂದ ಬಂದು ನಮ್ಮ ಕಡೆ ರಬ್ಬರ್ ತೋಟ ಮಾಡಿದ ಕ್ರಿಶ್ಚಿಯನ್ ಮನೆಗಳ ಹೆಂಗಸರನ್ನು ನಾವು ಚೇಟತ್ತಿ ಎಂದು ಕರೆಯುವುದು. ಅವರ ಭಾಷೆಯಲ್ಲಿ ಅಕ್ಕ ಎಂದ ಹಾಗೆ. ಅಂಥ ಚೇಟತ್ತಿಯರು ಪೇಟೆಗೆ ಬೇಕಾದಷ್ಟು ಮಂದಿ ಬರುತ್ತಾರೆ. ಆದರೆ ಹಿಂದೆ ಮುಂದೆ ಏನೂ ಸೇರಿಸದೆ ಬರೀ ಚೇಟತ್ತಿ ಎಂದರೆ ಇಚಿಲಂಪಾಡಿಯ ಈ ಒಬ್ಬರೇ. ನನಗೆ ಅದೂ ಆಗುತ್ತಿರಲಿಲ್ಲ. ನಾನು ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲ ಈ ಸೀಮೆಯಲ್ಲೇ. ಆದರೂ ನನ್ನ ಗುರುತು ಹೇಳಬೇಕಾದರೆ 'ಹಾಲಿನ ಡೈರಿಯ ಹಿಂದಿನ ಮನೆಯ, ಬೀಡಿ ಕಟ್ಟುವ, ಆ ಉದ್ದದ ಅಜ್ಜಿ' ಎಂದು ಅಷ್ಟು ಉದ್ದ ಹೇಳಬೇಕು.

ಅವರು ಹಳೆಯ ಕಾಲದ ಉಡುಪನ್ನು ಕೊನೆಯವರೆಗೂ ಬಿಡಲಿಲ್ಲ. ದೊಗಳೆ ಬಿಳಿ ಕುಪ್ಪಸ, ಸೊಂಟಕ್ಕೆ ಪಂಚೆಯ ಹಾಗೆ ಸುತ್ತಿದ ಬಿಳಿ ಮುಂಡು, ಮುಂಡಿನ ನೆರಿಗೆ ಹಿಂಬದಿಯಲ್ಲಿ ಬೀಸಣಿಗೆ ಬಿಡಿಸಿದ ಹಾಗೆ. ಕಿವಿಯ ಮೇಲಿನ ತುದಿಯಲ್ಲಿ ಚಿನ್ನದ ಉಂಗುರ. ಜಡಿಮಳೆಯ ಆಟಿ ತಿಂಗಳ ಕೆಸರಿನಲ್ಲಿ ನಡೆದು ಬಂದರೂ ಆ ಬಿಳಿಗೆ ಒಂದು ಚುಕ್ಕೆ ಹಾರುತ್ತಿರಲಿಲ್ಲ. ಎಷ್ಟೋ ಸಲ ಹಿಂದಿನಿಂದ ಹೋಗಿ ನೋಡಿದ್ದೇನೆ, ಒಂದಾದರೂ ಸಿಗಲಿ ಎಂದು. ಸಿಕ್ಕಿಲ್ಲ. ನನಗಿಂತ ದೊಡ್ಡವರು, ಆದರೂ ನನ್ನನ್ನೇ ಅಕ್ಕ ಎಂದು ಕರೆಯುತ್ತಿದ್ದರು. "ಅಕ್ಕ, ಸೌಖ್ಯವಾ?" ಎಂದು ರಸ್ತೆಯ ಆಚೆ ಬದಿಯಿಂದ ಕೂಗುತ್ತಿದ್ದರು. ಇಡೀ ಪೇಟೆ ತಿರುಗಿ ನೋಡಿ, ಇಬ್ಬರಲ್ಲಿ ಮುದುಕಿ ನಾನೇ ಎಂದು ತಿಳಿದುಕೊಳ್ಳುತ್ತಿತ್ತು.

ಇದೆಲ್ಲ ಸಣ್ಣದು. ದೊಡ್ಡದು ಅವರ ಕೈಗುಣ. ಅಂಗಡಿಯ ಮೊದಲ ವ್ಯಾಪಾರ, ಬೋಣಿ, ಚೇಟತ್ತಿಯ ಕೈಯಿಂದಾದರೆ ಬಾಗಿಲು ಹಾಕುವವರೆಗೂ ಜನ ಬರುತ್ತಾರೆ ಎಂದು ಪೇಟೆಯವರ ನಂಬಿಕೆ. ಹೊಸ ಅಂಗಡಿಯಾದರಂತೂ ಅವರೇ ಬರಬೇಕು. ನನ್ನ ಕೈಗೆ ಏನಾಗಿದೆ? ನಾನು ನೆಟ್ಟ ಹಲಸು ಬುಡದಿಂದಲೇ ಕಾಯಿ ಬಿಡುತ್ತದೆ. ಆದರೆ ಜನರಿಗೆ ಹಲಸು ನೆನಪಿಲ್ಲ, ಚಪ್ಪಲಿ ಅಂಗಡಿ ನೆನಪುಂಟು. ಹಿಂದೊಮ್ಮೆ ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಅಂಗಡಿ ಹಾಕಿದವನು ನನ್ನಿಂದ ಬೋಣಿ ಮಾಡಿಸಿದ್ದ. ಮಳೆಗಾಲ ಮುಗಿಯುವ ಮೊದಲು ಬಾಗಿಲು ಹಾಕಿ ಹೋದ. ಎರಡೂ ಎಡಗಾಲಿನ ಚಪ್ಪಲಿ ಕಟ್ಟಿ ಕೊಡುವವನ ಅಂಗಡಿಗೆ ಯಾರು ಬೋಣಿ ಮಾಡಿದರೆ ಏನು?

ಲಾಕ್‌ಡೌನ್ ಮುಗಿದು ಅಂಗಡಿಗಳು ಒಂದೊಂದಾಗಿ ಶಟರ್ ಎತ್ತಲು ಶುರುಮಾಡಿದಾಗ ಚೇಟತ್ತಿಗೆ ಬಂದಷ್ಟು ಬೇಡಿಕೆ ಮದುವೆಯ ಕಾಲದಲ್ಲಿ ಅಡುಗೆಯವರಿಗೂ ಬರುವುದಿಲ್ಲ. ಪಾಪ, ಅಂಗಡಿಯವರಿಗೆ ಹೆದರಿಕೆ. ಮನೆಯಲ್ಲೇ ಕೂತು ಅಭ್ಯಾಸವಾದ ಜನ ಮತ್ತೆ ಬರುತ್ತಾರಾ ಇಲ್ಲವಾ ಎಂದು. ಹೋಟೆಲಿನ ಭಟ್ಟರು ಫೋನು ಮಾಡಿ ಕರೆದರು. ಒಣಮೀನಿನ ಅಂಗಡಿಯ ಬ್ಯಾರಿಗಳು ರಿಕ್ಷಾ ಕಳಿಸಿದರು. ಸಲೂನಿನವನು ಕೂಡ ಕೈಮುಗಿದ. "ಎಂತ ಮೋನೇ, ನನ್ನ ತಲೆ ಬೋಳಿಸ್ತೀಯಾ?" ಎಂದು ಚೇಟತ್ತಿ ಅವನನ್ನು ಕೇಳಿದರಂತೆ. ಹುಡುಗರಾದರೆ ಮೋನೇ, ಹುಡುಗಿಯರಾದರೆ ಮೋಳೇ, ನಾವು ಮಗಾ, ಮಗಳೇ ಎಂದ ಹಾಗೆ. ಮರುದಿನ ತಮ್ಮ ತೋಟದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುವವನನ್ನು ಎಳೆದುಕೊಂಡು ಬಂದು ಸಲೂನಿನ ಕುರ್ಚಿಯಲ್ಲಿ ಕೂರಿಸಿದರು. ಲಾಕ್‌ಡೌನಿನಲ್ಲಿ ಅವನ ಗಡ್ಡ ಎದೆಯವರೆಗೆ ಇಳಿದಿತ್ತು. ಗಡ್ಡ ತೆಗೆದ ಮೇಲೆ ಅವನನ್ನು ಮುಂದೆ ನಡೆಸಿಕೊಂಡು ಪೇಟೆಯ ಉದ್ದಕ್ಕೂ ಹೋದರು. "ಇವನ ಮುಖ ಹೀಗುಂಟು ಅಂತ ನನಗೇ ಗೊತ್ತಿರ್ಲಿಲ್ಲ ಮಾರಾಯ್ರೆ!" ಎಂದು ಕಂಡವರಿಗೆಲ್ಲ ಹೇಳಿದರು. ಸಂಜೆಗೆ ಸಲೂನಿನ ಹೊರಗೆ ಸಾಲು.

ಅವರ ಇನ್ನೊಂದು ಅಭ್ಯಾಸ ಎಂದರೆ ಚೀಲ ಮುಟ್ಟದಿರುವುದು. ಬೋಣಿಗೆ ತೆಗೆದುಕೊಂಡದ್ದು ಏನಿದ್ದರೂ ಕೈಯಲ್ಲಿ ಹಿಡಿದೇ ಹೋಗಬೇಕು. ಒಣಮೀನನ್ನು ಕೂಡ! ಆ ಬಿಳಿ ಬಟ್ಟೆಯ ಮುದುಕಿ ಒಂದು ಉದ್ದದ ಒಣಮೀನಿನ ಬಾಲ ಹಿಡಿದುಕೊಂಡು, ಮಗುವನ್ನು ಶಾಲೆಗೆ ಕರೆದುಕೊಂಡು ಹೋಗುವ ಹಾಗೆ, ಪೇಟೆಯ ಈ ತಲೆಯಿಂದ ಆ ತಲೆಗೆ ನಡೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬ್ಯಾರಿಗಳು ಪೇಪರಿನಲ್ಲಿ ಸುತ್ತಿ ಕೊಡುತ್ತೇನೆ ಎಂದರೂ ಕೇಳಲಿಲ್ಲ. "ಸುತ್ತಿದ್ರೆ ಯಾರಿಗೆ ಕಾಣ್ತದೆ?"

ಆಗ ಅಶ್ವಿನಿಯ ಅಂಗಡಿ ಡೈರಿಯ ಪಕ್ಕದ ಸಣ್ಣ ಕೋಣೆಯಲ್ಲಿತ್ತು. ಪುತ್ತೂರಿನಲ್ಲಿ ಹೊಲಿಗೆ ಕಲಿತು ಬಂದು, ಬಾಡಿಗೆಗೆ ಕೋಣೆ ಹಿಡಿದು, ಬೋರ್ಡು ಬರೆಸಿ ಇಟ್ಟಿದ್ದಳು. ತೆರೆಯುವ ಮೊದಲೇ ಎಲ್ಲ ಬಂದ್ ಆಯಿತು. ಮನೆಯಲ್ಲಿ ಕೂತು ಮಾಸ್ಕ್ ಹೊಲಿದಳು. ನನ್ನ ಮಗ, ಅವಳ ಅಪ್ಪ, ದೀಪಾವಳಿಯವರೆಗೆ ನೋಡುವ ಎಂದ. ಅಷ್ಟರೊಳಗೆ ಅಂಗಡಿ ಕಾಲೂರದಿದ್ದರೆ ಕೋಣೆ ಬಿಟ್ಟುಕೊಟ್ಟು ಪುತ್ತೂರಿನ ಬಟ್ಟೆ ಅಂಗಡಿಗೆ ಸೀರೆ ಮಡಚುವ ಕೆಲಸಕ್ಕೆ ಹೋಗಬೇಕು. ಹುಡುಗಿ ತುಟಿ ಕಚ್ಚಿ ಹೂಂ ಎಂದಳು.

ಅವಳ ಮೊದಲ ಮೆಷಿನ್ ನನ್ನದು. ನಾನು ಬೀಡಿ ಕಟ್ಟಿ ತೆಗೆದುಕೊಟ್ಟದ್ದು. ಹಾಗಾಗಿ ಅಂಗಡಿ ತೆರೆಯುವ ದಿನ ಬೋಣಿ ಯಾರದು ಎಂದು ನಾನು ಕೇಳಲೂ ಇಲ್ಲ. ಕೇಳುವುದು ಎಂತದು? ಬೆಳಿಗ್ಗೆ ಮಿಂದು, ಮಗನ ಮದುವೆಯ ಸೀರೆ ಉಟ್ಟು, ಮೂಗಿಗೆ ಅವಳೇ ಹೊಲಿದ ಮಾಸ್ಕ್ ಕಟ್ಟಿ, ಹಸಿರು ರವಿಕೆ ಬಟ್ಟೆ ಹಿಡಿದುಕೊಂಡು ಹೊರಟೆ.

ಹೋದರೆ, ಗಿರಾಕಿಯ ಕುರ್ಚಿಯಲ್ಲಿ ಚೇಟತ್ತಿ!

"ಅಕ್ಕ ಬಂದ್ರಾ? ಬನ್ನಿ, ಬನ್ನಿ, ಒಳಗೆ ಬನ್ನಿ" ಎಂದು ನನ್ನ ಮೊಮ್ಮಗಳ ಅಂಗಡಿಗೆ ನನ್ನನ್ನೇ ಕರೆದರು.

ನಾನು ಅಶ್ವಿನಿಯ ಮುಖ ನೋಡಿದೆ. ಅವಳು ಟೇಪು ಕೊರಳಿಗೆ ಹಾಕಿಕೊಂಡು ಬೇರೆ ಕಡೆ ನೋಡಿದಳು. "ನಾನೇ ಬರ್ಲಿಕ್ಕೆ ಹೇಳಿದ್ದು ಅಜ್ಜಿ. ಎಲ್ಲರೂ ಕರೀತಾರಲ್ಲ."

ಮೇಜಿನ ಮೇಲೆ ಬಿಳಿ ಬಟ್ಟೆ. ಪಕ್ಕದಲ್ಲಿ ಅಳತೆಗೆ ಒಂದು ಹಳೆಯ ಕುಪ್ಪಸ.

"ಮೊದಲನೇ ಬಟ್ಟೆಯೇ ಬಿಳಿಯಾ?" ಎಂದೆ.

"ನಾವು ಬಿಳಿಯೇ ಅಲ್ವಾ ಅಕ್ಕ ಹಾಕುದು."

ಅಶ್ವಿನಿ ಬಟ್ಟೆ ಬಿಡಿಸುತ್ತ, "ದಿನಾ ಹಾಕ್ಲಿಕ್ಕಾ ಚೇಟತ್ತಿ, ಇಗರ್ಜಿಗೆ ಪ್ರಾರ್ಥನೆಗೆ ಹೋಗುವಾಗ ಹಾಕ್ಲಿಕ್ಕಾ?" ಎಂದು ಕೇಳಿದಳು.

"ಸತ್ತಾಗ ಹಾಕ್ಲಿಕ್ಕೆ ಮೋಳೇ" ಎಂದರು ಚೇಟತ್ತಿ, ಈ ತರಕಾರಿ ನಾಳೆಯ ಸಾರಿಗೆ ಎಂದು ಹೇಳುವಷ್ಟು ಸಲೀಸಾಗಿ. "ಕೈ ಸ್ವಲ್ಪ ಉದ್ದ ಇರ್ಲಿ. ಕುತ್ತಿಗೆಗೆ ಒಳ್ಳೆ ಲೇಸ್ ಹಾಕು."

ನಾನು ಮೇಜಿನ ಹತ್ತಿರ ಧಾವಿಸಿದೆ. "ಹೆಣದ ಬಟ್ಟೆಯಲ್ಲಿ ಬೋಣಿಯಾ? ಚೇಟತ್ತೀ, ಅದನ್ನು ತೆಗೀರಿ ಮೇಜಿನಿಂದ! ಹುಡುಗಿ ಈಗ ಅಂಗಡಿ ತೆರೆದದ್ದಷ್ಟೇ. ನಿಮ್ಮ ಮನೆಯ ಹುಡುಗಿ ಆಗಿದ್ರೆ ಕೊಡ್ತಿದ್ರಾ?"

"ಅವಳಿಗೂ ಕೊಡ್ತಿದ್ದೆ. ಅವಳಿಗೆ ಹೊಲಿಗೆ ಬರುದಿಲ್ಲ."

ಎದುರಿನ ಹೋಟೆಲಿನಿಂದ ಭಟ್ಟರು ಸೌಟು ಹಿಡಿದುಕೊಂಡೇ ಹೊರಗೆ ಬಂದು ನಿಂತರು. ಚೇಟತ್ತಿಯ ಮುಖದಲ್ಲಿ ತಮಾಷೆ ಇರಲಿಲ್ಲ, ಅವರಿಗೆ ನಿಜವಾಗಿ ನನ್ನ ಸಿಟ್ಟು ಅರ್ಥವಾಗಲಿಲ್ಲ. ಅವರಲ್ಲಿ ಪ್ರಾಯವಾದ ಹೆಂಗಸರು ಆ ಉಡುಪನ್ನು ಮೊದಲೇ ಹೊಲಿಸಿ, ಪೆಟ್ಟಿಗೆಯಲ್ಲಿ ಇಟ್ಟು, ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ ತೆಗೆದಿಡುತ್ತಾರಂತೆ. ಮದುವೆಯ ಸೀರೆಗಿಂತ ದೊಡ್ಡದಂತೆ ಅದು.

"ಅಕ್ಕ, ನೀವು ಯೋಚನೆ ಮಾಡಿ" ಎಂದರು. "ಬೇರೆ ಬಟ್ಟೆ ಯಾರು ಹೊಲಿದ್ರೂ ಆಗ್ತದೆ. ಬಿಗಿ ಆದ್ರೆ ಬಂದು ಗಲಾಟೆ ಮಾಡಿ ಸರಿ ಮಾಡಿಸ್ಬಹುದು. ಇದು ಬಿಗಿ ಆದ್ರೆ ಹೇಳ್ಲಿಕ್ಕೆ ನಾನು ಇರುದಿಲ್ಲ. ಅದಕ್ಕೆ ನಂಬಿಕೆ ಇದ್ದವರ ಕೈಗೇ ಕೊಡ್ಬೇಕು. ಇವಳು ಹೊಲಿದ ಮಾಸ್ಕ್ ನೋಡಿದೆ, ಎಷ್ಟು ಸಣ್ಣ ಹೊಲಿಗೆ!"

ನಾನು ಬಾಯಿ ತೆರೆಯುವಷ್ಟರಲ್ಲಿ ಕರ್ರ್ ಎಂದು ಶಬ್ದ ಬಂತು. ಅಶ್ವಿನಿ ಬಿಳಿ ಬಟ್ಟೆಗೆ ಕತ್ತರಿ ಹಾಕಿದ್ದಳು. ಕತ್ತರಿ ಹಾಕಿದ ಮೇಲೆ ಇನ್ನು ಎಂತ ಮಾತು? ಹಸಿರು ರವಿಕೆ ಬಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದೆ. ಮೊಮ್ಮಗಳಿಗೆ ಮಾತು ಬಿಟ್ಟೆ. ಅವಳಿಗೆ ಮಾತು ಬಿಟ್ಟದ್ದು ಗೊತ್ತಾಗಲಿ ಎಂದು ಎರಡೆರಡು ಸಲ ಅವಳೆದುರು ಹೋಗಿ ಮಾತಾಡದೆ ಬಂದೆ.

ಅಂಗಡಿಗೆ ಜನ ಬರಲಿಲ್ಲ. ಹೇಗೆ ಬರುತ್ತಾರೆ? ಶಾಲೆ ತೆರೆದಿಲ್ಲ, ಯೂನಿಫಾರ್ಮ್ ಇಲ್ಲ. ಮದುವೆಗಳು ಮನೆಯ ಜಗಲಿಯಲ್ಲೇ ಮುಗಿಯುತ್ತಿದ್ದವು, ರವಿಕೆ ಹೊಲಿಸುವವರಿಲ್ಲ. ನಾನು ಹೇಳಿದ್ದೆ ಎಂದು ಹೇಳಬಹುದಿತ್ತು. ಅವಳು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ, ಸಂಜೆ ಆ ಒಂದೇ ಬಿಳಿ ಕುಪ್ಪಸದ ಲೇಸಿನ ಬಗ್ಗೆ ಅಮ್ಮನ ಹತ್ತಿರ ಮಾತಾಡುವುದನ್ನು ಕೇಳಿದರೆ ಹೇಳಲು ಮನಸ್ಸು ಬರುತ್ತಿರಲಿಲ್ಲ.

ಕುಪ್ಪಸ ತೆಗೆದುಕೊಂಡು ಹೋಗಲು ಚೇಟತ್ತಿ ಬಂದ ದಿನ ನಾನು ಡೈರಿಯ ಮೆಟ್ಟಿಲಲ್ಲಿ ನಿಂತು ನೋಡಿದೆ. ಹಾಕಿದ ಬಟ್ಟೆಯ ಮೇಲೆಯೇ ಅದನ್ನು ಹಿಡಿದುಕೊಂಡು ಕನ್ನಡಿಯ ಎದುರು ಆ ಕಡೆ ತಿರುಗಿದರು, ಈ ಕಡೆ ತಿರುಗಿದರು. "ಇಷ್ಟು ಚಂದ ಹೊಲಿದ್ರೆ ಬೇಗ ಹೋಗ್ಲಿಕ್ಕೆ ಆಸೆ ಆಗ್ತದಲ್ಲ ಮೋಳೇ!" ಅಶ್ವಿನಿ ಚೀಲ ಕೊಟ್ಟಳು. ಬೇಡ. ಎರಡು ಕೈಯ ಮೇಲೆ ಹಾಸಿಕೊಂಡು, ಹುಟ್ಟಿದ ಮಗುವನ್ನು ತೋರಿಸಲು ಹೋಗುವವರ ಹಾಗೆ ಹೊರಟರು.

ನಾನೂ ಹಿಂದಿನಿಂದ ಹೋದೆ. ಈ ಕೈಗುಣ ಎಂದರೆ ಎಂತದು ಎಂದು ಒಮ್ಮೆ ನೋಡಿಬಿಡಬೇಕಿತ್ತು. ಭಟ್ಟರ ಹೋಟೆಲಿನಲ್ಲಿ ಚಾ ಕುಡಿಯುವವರಿಗೆ ತೋರಿಸಿದರು. ಬಸ್ಸಿಗೆ ಕಾಯುವವರಿಗೆ ತೋರಿಸಿದರು. ಪೊಲೀಸಿನವನು ಮಾಸ್ಕ್ ಸರಿ ಮಾಡಿಕೊಳ್ಳಿ ಎಂದರೆ, ಮಾಸ್ಕ್ ಸರಿ ಮಾಡಿಕೊಂಡು ಅವನಿಗೂ ತೋರಿಸಿದರು. "ನನ್ನ ಕೊನೆಯ ಉಡುಪು. ಡೈರಿ ಹತ್ತಿರದ ಹುಡುಗಿ ಹೊಲಿದದ್ದು. ಈ ಲೇಸ್ ನೋಡಿ, ಮುಟ್ಟಿ ನೋಡಿ, ಕೈ ತೊಳೆದಿದ್ದೀರಲ್ಲ?" ಆಮೇಲೆ ಭಾನುವಾರ ಇಗರ್ಜಿಯ ಅಂಗಳದಲ್ಲಿ ಎಷ್ಟು ತೋರಿಸಿದರೋ ನನಗೆ ಗೊತ್ತಿಲ್ಲ.

ಗೊತ್ತಾದದ್ದು ಮುಂದಿನ ವಾರ. ಇಚಿಲಂಪಾಡಿಯಿಂದ, ನೆಲ್ಯಾಡಿಯಿಂದ ರಿಕ್ಷಾದಲ್ಲಿ, ಜೀಪಿನಲ್ಲಿ ಮುದುಕಿಯರು ಬಂದು ಇಳಿದರು. ಒಬ್ಬೊಬ್ಬರ ಕೈಯಲ್ಲೂ ಬಿಳಿ ಬಟ್ಟೆ. ಅಂಗಡಿಯ ಹೊರಗೆ ದೂರ ದೂರ ಕುರ್ಚಿ ಹಾಕಿ ಕೂತು ತಮ್ಮತಮ್ಮಲ್ಲೇ ಜಗಳ. "ಅವಳದ್ದಕ್ಕೆ ಎರಡು ಸಾಲು ಲೇಸ್ ಅಲ್ವಾ, ನನ್ನದಕ್ಕೆ ಮೂರು ಹಾಕು." "ನಿನಗೆ ಎಂತಕ್ಕೆ ಮೂರು? ಸ್ವರ್ಗದಲ್ಲಿ ಯಾರನ್ನು ನೋಡ್ಲಿಕ್ಕೆ ಉಂಟು ನಿನಗೆ?" ನಕ್ಕು ನಕ್ಕು ಕೆಮ್ಮುವುದು, ಕೆಮ್ಮಿದರೆ ಎಲ್ಲರೂ ಹೆದರಿ ಕುರ್ಚಿ ಹಿಂದೆ ಎಳೆಯುವುದು. ಅಂಥ ವರ್ಷದಲ್ಲಿ ನನ್ನ ಮೊಮ್ಮಗಳ ಅಂಗಡಿ ಬದುಕಿದ್ದು ಗಟ್ಟಿಮುಟ್ಟಾದ ಮುದುಕಿಯರ ಸಾವಿನ ಬಟ್ಟೆಯಿಂದ. ಅವರನ್ನು ಕರೆತಂದ ಸೊಸೆಯಂದಿರು ಸುಮ್ಮನೆ ಕೂತು ಬೇಸರವಾಗಿ ಚೂಡಿದಾರ ಹೊಲಿಯಲು ಕೊಟ್ಟರು. ದೀಪಾವಳಿ ಬಂತು, ಹೋಯಿತು. ಕೋಣೆ ಬಿಡುವ ಮಾತು ಮಗ ಎತ್ತಲಿಲ್ಲ. ಶಾಲೆ ತೆರೆಯಿತು, ಯೂನಿಫಾರ್ಮ್ ಬಂತು.

"ಚೇಟತ್ತಿಯ ಕೈಗುಣ!" ಎಂದರು ಭಟ್ಟರು. ನನ್ನ ಮಗನೂ ಎಂದ. ಮೆಷಿನ್ ಯಾರದು ಎಂದು ಯಾರೂ ಕೇಳಲಿಲ್ಲ.

ನನಗೆ ತಡೆಯಲಿಲ್ಲ. ಒಂದು ದಿನ ಹೋಟೆಲಿನಲ್ಲಿ ಅವರ ಎದುರಿನ ಬೆಂಚಿನಲ್ಲಿ ಹೋಗಿ ಕೂತೆ. "ಚೇಟತ್ತೀ, ನಾನು ಎಲ್ಲ ನೋಡಿದ್ದೇನೆ. ನಿಮ್ಮ ಕೈಯಲ್ಲಿ ಎಂತ ಗುಣವೂ ಇಲ್ಲ. ನೀವು ಊರಿಡೀ ಹೇಳಿಕೊಂಡು ತಿರುಗುದು, ಅಷ್ಟೇ."

ಅವರಿಗೆ ಚಾ ನೆತ್ತಿಗೇರುವಷ್ಟು ನಗು ಬಂತು. "ಮೆಲ್ಲ ಹೇಳಿ ಅಕ್ಕ. ಭಟ್ರಿಗೆ ಕೇಳಿದ್ರೆ ನಾಳೆಯಿಂದ ನನಗೆ ಬಿಸಿ ಬಿಸಿ ಗೋಳಿಬಜೆ ಮೊದಲು ಕೊಡುದಿಲ್ಲ."

ಮತ್ತೆ ಬಾಯಿ ಒರೆಸಿಕೊಂಡು, ಅವರು ಮದುವೆಯಾಗಿ ಈ ಕಡೆ ಬಂದ ಕಾಲದ ಸಂಗತಿ ಹೇಳಿದರು. ತೋಟ ಇನ್ನೂ ಕಾಡು. ಗಂಡ ದಾರಿಯ ಬದಿಯಲ್ಲಿ ಸಣ್ಣ ಚಾದ ಅಂಗಡಿ ಹಾಕಿದ್ದರಂತೆ. ಇವರು ಮರಗೆಣಸು ಬೇಯಿಸಿ ಕೊಡುವುದು. ಭಾಷೆ ಬಾರದ ಹೊಸಬರ ಅಂಗಡಿ ಎಂದು ಜನ ನೋಡಿಕೊಂಡು ಆಚೆ ಹೋಗುತ್ತಿದ್ದರು.

"ಗೆಣಸು ತಣ್ಣಗಾಗುದು ನೋಡಿದ್ದೀರಾ ಅಕ್ಕ? ಕಲ್ಲಾಗ್ತದೆ. ಸಂಜೆಗೆ ನಮ್ಮ ಯಜಮಾನ್ರು ನನ್ನ ಮುಖ ನೋಡುದಿಲ್ಲ, ನಾನು ಅವರ ಮುಖ ನೋಡುದಿಲ್ಲ. ಒಬ್ಬ ಬಂದು ತಿಂದು, ಚೆನ್ನಾಗುಂಟು ಅಂತ ರಸ್ತೆಯಲ್ಲಿ ಹೇಳಿದ್ರೆ ಸಾಕಿತ್ತು. ಯಾರೂ ಹೇಳ್ಲಿಲ್ಲ."

ಇಷ್ಟು ಹೇಳಿ ಗ್ಲಾಸು ಕೆಳಗಿಟ್ಟು, "ಭಟ್ರೇ, ಇವತ್ತಿನ ಚಾ ಅಂದ್ರೆ ಚಾ!" ಎಂದು ರಸ್ತೆಗೆ ಕೇಳುವ ಹಾಗೆ ಕೂಗಿ ಎದ್ದು ಹೋದರು.

ನಿಜ ಹೇಳಬೇಕಾದರೆ ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು. ಹೇಳಿಕೊಳ್ಳಲು ನನ್ನ ಹತ್ತಿರ ಇಂಥ ಒಂದು ಗೆಣಸೂ ಇಲ್ಲವಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಮಲಗಿದ್ದಲ್ಲೇ, ಯಾರಿಗೂ ತೊಂದರೆ ಕೊಡದೆ. ಅದರಲ್ಲೂ ನನ್ನನ್ನು ಸೋಲಿಸಿದರು, ನನಗೆ ಹಾಗೆ ಸಿಗುತ್ತದೋ ಇಲ್ಲವೋ. ಅಶ್ವಿನಿ ಅವರ ಮನೆಯ ಅಂಗಳದಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಬರುವಾಗ ರಿಕ್ಷಾದಲ್ಲಿ ಕೇಳಿದೆ, "ನಾನು ಸತ್ತರೆ ಇಷ್ಟು ಅಳ್ತೀಯಾ?"

"ನೀನು ಮೊದಲು ಸಾಯಿ ಅಜ್ಜಿ, ಮತ್ತೆ ನೋಡುವ" ಎಂದಳು, ಮೂಗು ಒರೆಸುತ್ತ. ಆಮೇಲೆ ನನ್ನ ಹೆಗಲಿಗೆ ತಲೆ ಇಟ್ಟಳು. ಕಡಬ ಬರುವವರೆಗೂ ತೆಗೆಯಲಿಲ್ಲ. ಆ ಭಾರ ನನಗೆ ಎಷ್ಟು ಸುಖವಾಯಿತು ಎಂದು ಬರೆಯಲು ಬರುವುದಿಲ್ಲ.

ಈಗ ಈ ಹೊಸ ಅಂಗಡಿ. ತೆರೆಯುವ ಹಿಂದಿನ ದಿನ ಅವಳು ನನ್ನ ಹತ್ತಿರ ಬಂದು ಕೂತು, "ಅಜ್ಜಿ, ನೀನೇ ಬೋಣಿ ಮಾಡ್ಬೇಕು" ಎಂದಳು. ನಾನು ಎಷ್ಟು ವರ್ಷದಿಂದ ಕಾದ ಮಾತು! ಹೂಂ ಎಂದೆ. ಒಳಗೆ ಹೋಗಿ ದೇವರ ಎದುರು ನಿಂತಾಗ ಮಾತ್ರ ಆ ಹಾಳು ಚಪ್ಪಲಿ ಅಂಗಡಿ ನೆನಪಾಯಿತು. ದೊಡ್ಡ ಕೋಣೆ, ದೊಡ್ಡ ಬಾಡಿಗೆ. ನನ್ನ ಕೈಯಿಂದ ಇದು ಮುಳುಗಿದರೆ?

ಕೆಂಪು ಬಟ್ಟೆ ಕೊಟ್ಟು ಬೋಣಿ ಮಾಡಿದೆ. ಆ ದಿನ ಬಂದವರೆಲ್ಲ ಲಾಡು ತಿಂದು, ಕನ್ನಡಿಯಲ್ಲಿ ತಲೆ ಸರಿ ಮಾಡಿಕೊಂಡು ಹೋದರು. ಬಟ್ಟೆ ಕೊಟ್ಟವರಿಲ್ಲ. ಮರುದಿನವೂ ಹಾಗೆ. ಹಳೆಯ ಗಿರಾಕಿಗಳು ಗಾಜಿನ ಬಾಗಿಲು ನೋಡಿ, ಇನ್ನು ಇವಳ ರೇಟು ಏರಿರಬಹುದು ಎಂದು ಹೊರಗಿನಿಂದಲೇ ಕೈಬೀಸಿ ಹೋದರು. ಸಂಜೆ ಭಟ್ಟರು ಬಂದು, ಖಾಲಿ ಕುರ್ಚಿಗಳನ್ನು ನೋಡಿ, "ಚೇಟತ್ತಿ ಇದ್ದಿದ್ರೆ..." ಎಂದರು. ನಾನು ಅಲ್ಲೇ ಕೂತಿದ್ದೇನೆ ಎಂದು ಕಂಡ ಮೇಲೆ, "ಅಲ್ಲ, ಲಾಡು ಒಳ್ಳೇದುಂಟು" ಎಂದರು. ಅಶ್ವಿನಿ ನಕ್ಕಳು. ಆದರೆ ಆ ನಗುವಿನ ಹಿಂದೆ, ಅವಳ ಅಪ್ಪ ದೀಪಾವಳಿಯವರೆಗೆ ನೋಡುವ ಎಂದಾಗ ಇದ್ದ ಅದೇ ಕಚ್ಚಿದ ತುಟಿ ಕಂಡಿತು ನನಗೆ.

"ನನ್ನ ರವಿಕೆ ಈಗಲೇ ಹೊಲಿ" ಎಂದೆ. "ಬೆನ್ನಿಗೆ ಗೊಂಡೆ ಹಾಕು."

"ನಿನಗೆ ಗೊಂಡೆಯಾ ಅಜ್ಜಿ?"

"ದೊಡ್ಡದು ಹಾಕು."

ನಿನ್ನೆ ಬೆಳಿಗ್ಗೆ ಆ ಕೆಂಪು ರವಿಕೆ ಹಾಕಿ, ಸೆರಗನ್ನು ಬೆನ್ನು ಕಾಣುವ ಹಾಗೆ ಎಳೆದು ಸಿಕ್ಕಿಸಿ, ಬಸ್‌ಸ್ಟ್ಯಾಂಡಿಗೆ ಹೋಗಿ ಕೂತೆ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಯಾರೂ ಏನೂ ಕೇಳಲಿಲ್ಲ. ಚೇಟತ್ತಿಗೆ ಇದು ಹೇಗೆ ಅಷ್ಟು ಸುಲಭವಾಗಿ ಬರುತ್ತಿತ್ತೋ ಎಂದು ಮತ್ತೆ ಹೊಟ್ಟೆ ಉರಿಯಿತು. ಅಷ್ಟರಲ್ಲಿ ಮಗುವನ್ನು ಎತ್ತಿಕೊಂಡ ಒಬ್ಬಳು ಓಡಿಕೊಂಡು ಬಂದಳು.

"ಅಜ್ಜಿ, ಪುತ್ತೂರಿನ ಬಸ್ಸು ಹೋಯ್ತಾ?"

"ಇಲ್ಲ ಮಗಾ, ಬರ್ತದೆ. ಕೂತುಕೋ. ಈ ಗೊಂಡೆ ಕಾಣ್ತದಾ ನಿನಗೆ?" ಎಂದು ಬೆನ್ನು ತಿರುಗಿಸಿದೆ.

ಅವಳು ಮಗುವಿನ ಮುಖ ನೋಡಿದಳು. ಮಗು ಗೊಂಡೆಗೆ ಕೈ ಹಾಕಿತು. ನಾನು ಶುರುಮಾಡಿದೆ. ಹೊಲಿಗೆ ಎಷ್ಟು ಸಣ್ಣ, ಒಳಗಿನ ಬಟ್ಟೆ ಎಷ್ಟು ಮೆದು, ರೇಟು ಹಿಂದಿನದ್ದೇ, ಗಾಜಿನ ಬಾಗಿಲಿಗೆ ಹೆದರಬೇಡ, ನೂಕಿದರೆ ತೆರೆಯುತ್ತದೆ, ಹೊಲಿದವಳು ನನ್ನ ಮೊಮ್ಮಗಳು, ಮೊದಲ ಮೆಷಿನ್ ನನ್ನ ಬೀಡಿಯದ್ದು. ಎಲ್ಲ ಹೇಳಿದೆ. ಬಸ್ಸು ಬಂತು, ನಿಂತಿತು, ಪುತ್ತೂರು ಪುತ್ತೂರು ಎಂದು ಕಂಡಕ್ಟರ್ ಬಾಯಿ ಬಡಿದುಕೊಂಡ. ನಾನು ತೋಳಿನ ಪಟ್ಟಿ ತೋರಿಸುತ್ತಿದ್ದೆ.

"ಅಯ್ಯೋ ಅಜ್ಜಿ, ನನ್ನ ಬಸ್ಸು!"

"ಹೋಗ್ಲಿ ಬಿಡು, ಇನ್ನೊಂದು ಉಂಟು" ಎಂದು ಮಗುವನ್ನು ನನ್ನ ಸೊಂಟಕ್ಕೆ ಹಾಕಿಕೊಂಡು ಎದ್ದೆ. "ಅಷ್ಟರವರೆಗೆ ಈ ಸೆಕೆಯಲ್ಲಿ ಎಂತಕ್ಕೆ ಕೂರುದು? ಅಲ್ಲಿ ಫ್ಯಾನು ಉಂಟು. ಬಾ."